ಕ್ಯೂಬಾದ ಎರಡನೆಯ ಚುಟ್ಟಾ

ಮಸ್ಕಿ
ರವಿವಾರ, 23-11-1997

ಬಾಲಪ್ಪನವರಿಗೆ ಪಕೀರಮ್ಮನ ನಮಸ್ಕಾರಗಳು.

ಹೆಸರು ಹಿಡಿದು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡಿ. ಮೊದಲಿನ ಹಾಗೆ ‘ಪ್ರೀತಿಯ ಯಜಮಾನರಿಗೆ’ ಎಂದು ಬರೆಯಲು ಕೂತೆ, ಪೆನ್ನು ಮುಂದೆ ಹೋಗಲಿಲ್ಲ. ನಿಮ್ಮ ಆರೋಗ್ಯ ಹೇಗಿದೆ? ಮೈ ಬಂದಿದೆಯಂತೆ, ತಲೆಗೂದಲು ಮುಂದೆ ಪೂರಾ ಹೋಗಿದೆಯಂತೆ. ಒಲೆಯ ಮುಂದೆ ಬಹಳ ಹೊತ್ತು ನಿಂತರೆ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದಿರಿ, ಈಗ ಹೇಗೋ ಗೊತ್ತಿಲ್ಲ. ಇಲ್ಲಿ ನಿಮ್ಮ ಅವ್ವ ಗಟ್ಟಿಯಾಗಿಯೇ ಇದ್ದಾರೆ. ಎಡಗಣ್ಣಿಗೆ ಪೊರೆ ಬಂದಿತ್ತು, ಹೋದ ವರ್ಷ ಲಿಂಗಸುಗೂರಿನಲ್ಲಿ ತೆಗೆಸಿಕೊಂಡು ಬಂದೆವು. ಕಣ್ಣು ಕಟ್ಟಿಕೊಂಡು ಮಲಗಿದ್ದಾಗಲೂ ಚುಟ್ಟಾ ಬಿಡಲಿಲ್ಲ, ನರ್ಸಮ್ಮ ಬೈದರೆ ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಸೇದಿ ಬರುತ್ತಿದ್ದರು. ನನ್ನ ಅಂಗನವಾಡಿ ನಡೆದಿದೆ. ಮೊದಮೊದಲು ಬಂದ ಮಕ್ಕಳು ಈಗ ಹೈಸ್ಕೂಲಿಗೆ ಹೋಗುತ್ತಾರೆ, ದಾರಿಯಲ್ಲಿ ಕಂಡರೆ ನಾಚಿಕೊಂಡು ಟೀಚರ್ರೀ ಎನ್ನುತ್ತಾರೆ. ಮನೆಯ ಮುಂದಿನ ಕಟ್ಟೆ ಮಳೆಗೆ ಒಂದು ಕಡೆ ಕುಸಿದಿತ್ತು, ಕಟ್ಟಿಸಿದ್ದೇವೆ. ಇಷ್ಟು ಕ್ಷೇಮ ಸಮಾಚಾರ. ಉಳಿದದ್ದನ್ನು ಯಾವ ತುದಿಯಿಂದ ಹಿಡಿಯಲಿ ಎಂದು ತಿಳಿಯದೆ ಬೆಳಗಿನಿಂದ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಖಾದರಬಾಷಾ ಬಂದರು. ಲಿಂಗಸುಗೂರಿನ ಖಾನಾವಳಿಯಲ್ಲಿ ನೀವು ಅಡುಗೆ ಮಾಡಿಕೊಂಡಿದ್ದಾಗ ನಿಮ್ಮನ್ನು ಮುಂಬಯಿಗೆ ಕರೆದುಕೊಂಡು ಹೋಗಿ ಹಡಗಿನ ಕೆಲಸಕ್ಕೆ ಹಚ್ಚಿದ ಅದೇ ಮುದಗಲ್ಲಿನ ಖಾದರಬಾಷಾ. ಗಡ್ಡ ಬೆಳ್ಳಗಾಗಿದೆ. ರಜೆಗೆ ಊರಿಗೆ ಬಂದವರು ಮೊದಲು ನಮ್ಮ ಮನೆಗೇ ಬಂದಿದ್ದರು. ಅತ್ತೆ ಒಳಗೆ ಬಾ ಅಂದರೂ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಹಾಕಿಕೊಳ್ಳುತ್ತಾ ನಿಂತರು. ಕಡೆಗೆ ಕೂತು, ಆಫ್ರಿಕಾದ ಡರ್ಬನ್ ಅನ್ನುವ ಬಂದರಿನಲ್ಲಿ ನಿಮ್ಮನ್ನು ಕಂಡೆ ಎಂದು ಹೇಳಿದರು. ಬಂದರಿನ ಹಿಂದಿನ ಓಣಿಯಲ್ಲಿ ನೀವು ಒಂದು ಸಣ್ಣ ಖಾನಾವಳಿ ಇಟ್ಟಿದ್ದೀರಂತೆ. ಗಲ್ಲಾದ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳಂತೆ. ಎರಡು ಮಕ್ಕಳು ಟೇಬಲ್ಲಿನ ಕೆಳಗೆ ಆಡುತ್ತಿದ್ದವಂತೆ. ನೀವು ಇವರನ್ನು ಗುರುತು ಹಿಡಿದು, ಬಿಸಿ ಅನ್ನ ಸಾರು ನೀವೇ ತಂದು ಬಡಿಸಿ, ಎದುರಿಗೆ ಕೂತಿರಂತೆ. ಇವರು ಏಳುವಾಗ ಒಂದೇ ಒಂದು ಮಾತು ಕೇಳಿದಿರಂತೆ. “ಅವ್ವ ಆ ಚುಟ್ಟಾ ಸೇದಿದ್ಲೇನು?”

ಅತ್ತೆಗೆ ಮೊದಲು ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಾಗಲಿಲ್ಲವೋ, ಇನ್ನೊಮ್ಮೆ ಹೇಳು ಎಂದರು. ಖಾದರಬಾಷಾ ಇನ್ನೊಮ್ಮೆ ಹೇಳಿದರು. ಮತ್ತೇನು ಕೇಳಿದ ಎಂದು ಅತ್ತೆ ಕೇಳಿದರು. ಮತ್ತೇನೂ ಇಲ್ಲ ಎಂದು ಅವರು ತಲೆ ತಗ್ಗಿಸಿದರು. ನಾನು ಬಾಗಿಲ ಹಿಂದೆ ಚಹಾದ ಬಟ್ಟಲು ಹಿಡಿದುಕೊಂಡು ನಿಂತಿದ್ದೆ. ಏಳು ವರ್ಷ ಆಯಿತು ನಿಮ್ಮ ಸುದ್ದಿ ನಿಂತು. ಮುಂಬಯಿಯ ಆಫೀಸಿಗೆ ನಾನೇ ಹೋಗಿದ್ದೆ, ನೀವು ನಿಮ್ಮ ಇಷ್ಟದಿಂದಲೇ ಹಡಗು ಬಿಟ್ಟು ಇಳಿದಿದ್ದೀರಿ, ಮುಂದೆ ನಮಗೆ ತಿಳಿಯದು ಎಂದು ಹೇಳಿ ಕಳಿಸಿದ್ದರು. ಬದುಕಿದ್ದೀರೋ ಇಲ್ಲವೋ ತಿಳಿಯದೆ ಕುಂಕುಮ ಹಚ್ಚಿಕೊಳ್ಳುವಾಗ ಕೈ ನಿಲ್ಲುತ್ತಿತ್ತು. ಈಗ ಬದುಕಿದ್ದೀರಿ ಎಂದು ತಿಳಿಯಿತು. ಸಂತೋಷ ಆಯಿತು ಅಂದರೆ ಸುಳ್ಳು, ಆಗಲಿಲ್ಲ ಅಂದರೂ ಸುಳ್ಳು. ಚಹಾ ಕೊಟ್ಟು ಒಳಗೆ ಬಂದು ಜೋಳ ಆರಿಸುತ್ತಾ ಕೂತೆ. ಆರಿಸಿದ ಜೋಳವನ್ನೇ ಮತ್ತೆ ಆರಿಸುತ್ತಿದ್ದೆ ಎಂದು ಅತ್ತೆ ಬಂದು ಮೊರ ಕಸಿದುಕೊಂಡಾಗಲೇ ತಿಳಿದದ್ದು.

ಆ ಚುಟ್ಟಾದ ಸಂಗತಿ ನಿಮಗೆ ನೆನಪಿರುವುದು ನೋಡಿ ನನಗೆ ಆಶ್ಚರ್ಯ. ಎಂಬತ್ತೈದರ ಬೇಸಿಗೆಯಲ್ಲಿ ನೀವು ರಜೆಗೆ ಬಂದಾಗ ತಂದದ್ದು. ಕ್ಯೂಬಾ ದೇಶದಲ್ಲಿ ಸಕ್ಕರೆ ತುಂಬಿಕೊಳ್ಳಲು ಹಡಗು ನಿಂತಿದ್ದಾಗ ಅಲ್ಲಿಯ ದೊಡ್ಡ ಜನ ಊಟಕ್ಕೆ ಬಂದಿದ್ದರು, ನಿಮ್ಮ ಮಟನ್ ಪಲಾವು ತಿಂದು ಕ್ಯಾಪ್ಟನ್ನನ್ನು ಹೊಗಳಿದರು, ಆತ ತನಗೆ ಕಾಣಿಕೆ ಬಂದ ಚುಟ್ಟಾ ಪೆಟ್ಟಿಗೆಯಿಂದ ಎರಡು ತೆಗೆದು ನಿಮಗೆ ಕೊಟ್ಟ. ಅಂಗಡಿಯಲ್ಲಿ ಸಿಗುವ ಮಾಲಲ್ಲ, ಆ ಸರ್ಕಾರ ತನ್ನ ಅತಿಥಿಗಳಿಗೆ ಮಾತ್ರ ಮಾಡಿಸುವುದು ಎಂದು ನೀವು ಹೇಳಿದಾಗ ಅತ್ತೆ ಮೂಗು ಮುರಿದಿದ್ದರು. ಸಿಂಧನೂರು ಕಡೆಯ ಕ್ಯಾಂಪುಗಳಿಗೆ ಭತ್ತ ನಾಟಿಗೆ ಹೋಗುತ್ತಿದ್ದಾಗ ಆಂಧ್ರದ ಹೆಣ್ಣಾಳುಗಳ ಜೊತೆ ಕೂತು ಚುಟ್ಟಾ ಕಲಿತವರು ಅವರು. ನನಗೆ ಸರ್ಕಾರದ ತಂಬಾಕು ತೋರಿಸಾಕ ಬಂದೀಯೇನು ಎಂದರು. ಸಂಜೆ ಕಟ್ಟೆಯ ಮೇಲೆ ಕೂತು ಒಂದನ್ನು ಹಚ್ಚಿದಿರಿ. ಓಣಿಯ ಗಂಡಸರೆಲ್ಲ ವಾಸನೆಗೆ ಬಂದು ನಿಂತರು. ಅತ್ತೆ ನಿಮ್ಮ ಕೈಯಿಂದ ತೆಗೆದುಕೊಂಡು ಎರಡು ಸಲ ಎಳೆದು ಉಗುಳಿದರು.

“ಹಸೀ ಐತಲೇ ಇದು. ಹಸೀ ಬೇವಿನ ಕಟಿಗಿ ಒಲಿಗೆ ಹಾಕಿದಂಗ.”

ನೀವು ಕೋಪ ಮಾಡಿಕೊಳ್ಳಲಿಲ್ಲ, ನಕ್ಕಿರಿ. ಹೊಸ ಅಕ್ಕಿ ಅನ್ನ ಮುದ್ದೆಯಾಗುವುದಿಲ್ಲವೇ, ಇದೂ ಹಾಗೆಯೇ, ಹತ್ತು ವರ್ಷ ಇಟ್ಟರೆ ಬೇರೆಯೇ ಆಗುತ್ತದೆ ಎಂದಿರಿ. ಒಣಗಗೊಡಬಾರದು, ಬೂಸು ಹಿಡಿಯಗೊಡಬಾರದು, ವೀಳ್ಯದೆಲೆ ಇಡುವ ಹಾಗೆ ತಂಪಿನಲ್ಲಿ ಇಡಬೇಕು ಎಂದು ಇನ್ನೊಂದನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಅತ್ತೆಯ ಕೈಗೆ ಕೊಟ್ಟು, “ನಾ ಕಾಯಂ ಊರಿಗೆ ಬಂದ ದಿನ ಮೂವರೂ ಕೂಡಿ ಸೇದೋಣು” ಎಂದಿರಿ. ಆಮೇಲೆ ಅಡುಗೆಮನೆಗೆ ಬಂದು ಉಳಿದ ತುಂಡನ್ನು ನನ್ನ ಬಾಯಿಗೂ ಇಟ್ಟಿರಿ. ನನಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಬೆನ್ನು ತಟ್ಟುತ್ತಾ ನಗುತ್ತಿದ್ದಿರಿ. ನಾಲಿಗೆಯ ಮೇಲೆ ಕಹಿ ಮರುದಿನದವರೆಗೂ ಇತ್ತು. ನಿಮ್ಮನ್ನು ನೆನೆದಾಗಲೆಲ್ಲ ಆ ಕಹಿಯೂ ಆ ನಗುವೂ ಒಟ್ಟಿಗೇ ಬರುತ್ತಿದ್ದವು, ಬೇರೆ ಮಾಡಲು ನನಗೆ ಎಂದೂ ಆಗಲಿಲ್ಲ.

ಆ ಡಬ್ಬಿಯನ್ನು ಅತ್ತೆ ಹೇಗೆ ನೋಡಿಕೊಂಡರು ಎಂಬುದು ನಿಮಗೆ ಗೊತ್ತಿಲ್ಲ. ನೀರಿನ ಹರವಿಯ ಪಕ್ಕದ ಮೂಲೆಯಲ್ಲಿ ಕಲ್ಲಿನ ಮೇಲೆ ಇಟ್ಟರು. ನಮ್ಮ ಬೇಸಿಗೆ ಗೊತ್ತಲ್ಲ, ಬಾಗಿಲ ಹಲಗೆ ಬಿರಿಯುತ್ತದೆ. ಆ ತಿಂಗಳುಗಳಲ್ಲಿ ಡಬ್ಬಿಗೆ ಒದ್ದೆ ಬಟ್ಟೆ ಸುತ್ತುವುದು, ಒಣಗಿದರೆ ಮತ್ತೆ ತೋಯಿಸುವುದು. ಮಳೆಗಾಲದಲ್ಲಿ ಮುಚ್ಚಳ ತೆಗೆದು ನೆರಳಿಗೆ ಆರಿಸುವುದು. ಕುಡಿಯುವ ನೀರಿಗೆ ಬೋರಿನ ಮುಂದೆ ಸಾಲು ನಿಲ್ಲುತ್ತಿದ್ದ ವರ್ಷವೂ ಆ ಬಟ್ಟೆಗೆ ನೀರು ತಪ್ಪಲಿಲ್ಲ. ನಿಮ್ಮ ಸುದ್ದಿ ನಿಂತ ಮೇಲೆ ಒಂದು ದಿನ ನಾನು ಸಿಟ್ಟಿನಲ್ಲಿ ಅದನ್ನು ತಿಪ್ಪೆಗೆ ಒಗೆಯಿರಿ ಎಂದೆ. ಅವರು ಡಬ್ಬಿಯನ್ನು ಇನ್ನಷ್ಟು ಮೂಲೆಗೆ ಸರಿಸಿದರು. ಮಗನ ಮೇಲಿನ ಆಸೆಗೆ ಹೀಗೆ ಮಾಡುತ್ತಾರೆ ಎಂದುಕೊಂಡು ಸುಮ್ಮನಾದೆ.

ಇನ್ನು ಹೇಳಲೇಬೇಕಾದ ಮಾತು. ವೆಂಕೋಬ ಎಂಬುವರು ಸಿಂಧನೂರಿನ ಹತ್ತಿರ ಕಾಲುವೆ ಇಲಾಖೆಯಲ್ಲಿದ್ದಾರೆ, ತೂಬು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸ. ಹೆಂಡತಿ ತೀರಿಕೊಂಡಿದ್ದಾಳೆ. ಮಗಳನ್ನು ಇಲ್ಲಿ ತಂಗಿಯ ಮನೆಯಲ್ಲಿ ಬಿಟ್ಟಿದ್ದರು, ಆ ಹುಡುಗಿ ನನ್ನ ಅಂಗನವಾಡಿಗೆ ಬರುತ್ತಿದ್ದಳು. ಮಗಳನ್ನು ನೋಡಲು ಬಂದಾಗ ಬಾಗಿಲಲ್ಲಿ ನಿಂತು ಎರಡು ಮಾತು ಕೇಳಿ ಹೋಗುವರು. ಜಾಸ್ತಿ ಮಾತಿನ ಮನುಷ್ಯ ಅಲ್ಲ. ಹೋದ ಯುಗಾದಿ ಆದ ಮೇಲೆ ಅವರ ತಂಗಿ ಅತ್ತೆಯ ಹತ್ತಿರ ಬಂದು ಉಡಿಕೆಯ ಮಾತು ತೆಗೆದಳು. ನಮ್ಮವರಲ್ಲಿ ಗಂಡ ಬಿಟ್ಟವಳು ಇನ್ನೊಬ್ಬನ ಕೈ ಹಿಡಿಯುವುದು ಹೊಸದಲ್ಲ, ಆದರೆ ಗಂಡನ ಮನೆಯವರು ಹಿರಿಯರ ಮುಂದೆ ಕೂತು ಬಿಟ್ಟುಕೊಡಬೇಕು. ನಿಮ್ಮ ಕಡೆಯಿಂದ ಮಾತಾಡಲು ಅತ್ತೆಯನ್ನು ಬಿಟ್ಟರೆ ಯಾರೂ ಇಲ್ಲ. ಅತ್ತೆ ಎದ್ದು ಹೋಗಿ ಡಬ್ಬಿಯ ಬಟ್ಟೆ ತೋಯಿಸಿಕೊಂಡು ಬಂದರು. ಆಮೇಲೆ ವೆಂಕೋಬ ತಾವೇ ಒಂದು ದಿನ ಅಂಗನವಾಡಿಗೆ ಬಂದರು. “ನಿಮ್ಮ ಮನಸಿನ್ಯಾಗ ಏನೈತಿ ಹೇಳ್ರಿ. ಇಲ್ಲಂದ್ರೂ ನಾ ಸಿಟ್ಟಾಗಂಗಿಲ್ಲ” ಎಂದರು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಸತ್ತವರ ಹೆಂಡತಿಯೋ ಇದ್ದವರ ಹೆಂಡತಿಯೋ ನನಗೇ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ ಹೋದರು. ಮಳೆಗಾಲ ಪೂರ್ತಿ ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾನು ದಾರಿ ನೋಡಿದ್ದೂ ಉಂಟು, ಸದ್ಯ ಬರಲಿಲ್ಲ ಎಂದುಕೊಂಡಿದ್ದೂ ಉಂಟು.

ಖಾದರಬಾಷಾ ಹೇಳಿ ಹೋದ ಮೇಲೆ ಕೆಲವು ದಿನ ಅತ್ತೆ ತಮ್ಮ ಮಾಮೂಲಿ ಚುಟ್ಟಾವನ್ನೂ ಮುಟ್ಟಲಿಲ್ಲ. ಮೊನ್ನೆ ಸಂತೆಯ ದಿನ ನಾನು ಮಧ್ಯಾಹ್ನ ಮನೆಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಡಬ್ಬಿ, ಅಡಕೊತ್ತು, ಕಡ್ಡಿಪೆಟ್ಟಿಗೆ. ಕೂಡು ಎಂದರು. ಸಂತೆಗೆ ಹೋಗಿ ಬರುವ ಜನ ಮುಂದೆಯೇ ಓಡಾಡುತ್ತಿದ್ದರು, ಒಳಗೆ ಹೋಗೋಣ ಎಂದೆ. ಅವನು ಕಟ್ಟೆಯ ಮೇಲೆ ಸೇದಿದ್ದ, ನಾವೂ ಕಟ್ಟೆಯ ಮೇಲೇ ಸೇದೋಣ ಎಂದರು. ಡಬ್ಬಿಯಿಂದ ತೆಗೆದದ್ದನ್ನು ನೋಡಿ ಇದು ಅದೇ ಹೌದೋ ಅಲ್ಲವೋ ಎನಿಸಿತು. ಆಗ ಹಸಿರು ಮಿಶ್ರ ಕಂದು ಬಣ್ಣ ಇತ್ತು, ಈಗ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಒಂದು ಕಡೆ ತೆಳ್ಳಗೆ ಬಿಳಿ ಧೂಳು ಕೂತಿತ್ತು, ಸೆರಗಿನಿಂದ ಮೆಲ್ಲಗೆ ಒರೆಸಿದರು. ಮೂಗಿಗೆ ಹಿಡಿದರೆ ಬೆಲ್ಲದ ಗಡಿಗೆಯ ತಳದ ವಾಸನೆ, ಅದರ ಹಿಂದೆ ಒಣ ಹುಲ್ಲಿನ ಬಣವೆಯದು. ಅಡಕೊತ್ತಿನಿಂದ ತುದಿ ಕತ್ತರಿಸಿ, ಅವಸರ ಮಾಡದೆ ಸುತ್ತಲೂ ತಿರುಗಿಸಿ ತಿರುಗಿಸಿ ಹಚ್ಚಿದರು. ಒಂದು ಸಲ ಎಳೆದು ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ನಾನು ಉಗುಳುತ್ತಾರೆ ಎಂದು ಕಾದೆ. ಉಗುಳಲಿಲ್ಲ. ಹೊಗೆ ಬಿಟ್ಟು, “ಮಾಗೈತಿ” ಎಂದರು.

ನನ್ನ ಕೈಗೆ ಕೊಟ್ಟರು. ಕೆಮ್ಮು ಬರುತ್ತದೆಂದು ಗಂಟಲು ಬಿಗಿ ಹಿಡಿದು ಸ್ವಲ್ಪ ಎಳೆದೆ. ಕೆಮ್ಮು ಬರಲಿಲ್ಲ. ಆ ಕಹಿ ಎಲ್ಲಿ ಹೋಯಿತೋ. ಹುರಿದ ಶೇಂಗಾದ ಸಿಪ್ಪೆಯ ಹಾಗೆ ಒಂದು ರುಚಿ, ಆಮೇಲೆ ನಾಲಿಗೆಯ ತುದಿಗೆ ಸಿಹಿ, ಕಡೆಗೆ ಕೊಬ್ಬರಿ ಜಗಿದ ಮೇಲೆ ಉಳಿಯುವಂಥದು ಏನೋ. ನನಗೆ ನಗು ಬಂತು. ನಕ್ಕ ಕೂಡಲೇ ಯಾಕೆ ನಕ್ಕೆ ಎಂದು ಸಿಟ್ಟು ಬಂತು. ನಿಮ್ಮನ್ನು ಬೈಯಬೇಕು ಎಂದು ಇಷ್ಟು ದಿನ ಮಾತುಗಳನ್ನು ಕೂಡಿಸಿಕೊಂಡು ಇಟ್ಟಿದ್ದೆ, ಬಾಯಿ ತುಂಬ ಆ ಸಿಹಿ ಇದ್ದುದರಿಂದ ಒಂದೂ ಹೊರಗೆ ಬರಲಿಲ್ಲ. ನೀವು ಹೇಳಿದ ಹಾಗೆಯೇ ಆಗಿತ್ತು. ನೀವು ನಮಗೆ ಹೇಳಿದ ಮಾತುಗಳಲ್ಲಿ ಇದೊಂದು ಯಾಕೆ ನಿಜವಾಗಬೇಕು, ನನಗೆ ತಿಳಿಯುವುದಿಲ್ಲ. ಸಂತೆಯಿಂದ ಬರುತ್ತಿದ್ದ ಪೀರ್‌ಬೀ ಚಾಚಿ ನಿಂತು ನೋಡಿ, ಏನು ಅತ್ತಿ ಸೊಸಿ ಕೂಡಿ ಶುರು ಮಾಡೀರಿ ಎಂದು ನಕ್ಕು ಹೋದರು. ಅತ್ತೆ ನಗಲಿಲ್ಲ. ಬೂದಿ ಉದ್ದಕ್ಕೆ ಬೀಳದೆ ನಿಂತಿತ್ತು, ಅದನ್ನೇ ನೋಡುತ್ತಾ ಮಾತಾಡಿದರು.

“ಇದು ಕೆಟ್ಟು ಹೋದ್ರ ನಿನ್ನ ಕಳಿಸಿಬಿಡಬೇಕು ಅಂದ್ಕೊಂಡಿದ್ದೆ, ಪಕೀರವ್ವ. ಅವನ ಸುದ್ದಿ ನಿಂತಾಗಿನಿಂದ ಅದೇ ಲೆಕ್ಕ. ಬೂಸು ಹತ್ತಿದ್ರ, ಒಣಗಿ ಪುಡಿ ಆದ್ರ, ಅವ ಬರಂಗಿಲ್ಲ ಅಂತ ತಿಳ್ಕೊಂಡು ನಿನಗ ದಾರಿ ಬಿಡಬೇಕು ಅಂತ. ಕೆಡಲಿಲ್ಲ.” ಬೂದಿಯನ್ನು ಕಟ್ಟೆಯ ಅಂಚಿಗೆ ಕೊಡವಿ, “ನಾ ಕೆಡಗೊಡಲಿಲ್ಲ” ಎಂದರು.

ಮಗನಿಗಾಗಿ ಎಂದು ನಾನು ತಿಳಿದದ್ದು ನನ್ನನ್ನು ಕಳಿಸಬಾರದು ಎಂಬುದಕ್ಕಾಗಿ ಇತ್ತು. ಅದು ಪ್ರೀತಿಯೋ ಕಟ್ಟಿಹಾಕುವುದೋ ಎಂದು ಕೂತಲ್ಲೇ ತೂಗಿ ನೋಡಿದೆ, ತಕ್ಕಡಿ ಒಂದು ಕಡೆ ನಿಲ್ಲಲಿಲ್ಲ. ಅವರ ಕೈ ಹಿಡಿದುಕೊಂಡೆ, ಅಷ್ಟೇ. ಕಡೆಯ ತನಕ ಇಬ್ಬರೂ ಸರದಿಯಲ್ಲಿ ಸೇದಿದೆವು. ಮುಗಿದ ಮೇಲೆ ಅತ್ತೆ ಡಬ್ಬಿಯನ್ನು ತೊಳೆದು ಒಣಗಿಸಿ ಅದರಲ್ಲಿ ಉಪ್ಪು ತುಂಬಿದರು. ನಾಳೆ ವೆಂಕೋಬನ ತಂಗಿಯನ್ನು ಕರಿ ಎಂದರು. ನಾನು ಇನ್ನೂ ಕರೆದಿಲ್ಲ.

ಕರೆಯದಿರಲು ಕಾರಣ ನೀವು. ಆ ಚುಟ್ಟಾದ ಮಾತನ್ನು ನೀವು ಯಾವ ಅರ್ಥದಲ್ಲಿ ಕೇಳಿದಿರಿ? ಇನ್ನು ನಾನು ಬರುವುದಿಲ್ಲ, ಸೇದಿಬಿಡಿ ಎಂದು ಹೇಳಿದ್ದು ಎನ್ನುತ್ತಾರೆ ಅತ್ತೆ. ಬೇರೆ ಏನು ಕೇಳಲಿಕ್ಕೂ ಮುಖ ಇರಲಿಲ್ಲ, ಅದಕ್ಕೆ ಅದೊಂದು ಕೇಳಿದ್ದು, ಕೇಳುವಾಗ ಬಟ್ಟಲನ್ನು ತಿರುಗಿಸುತ್ತಲೇ ಇದ್ದ ಎನ್ನುತ್ತಾರೆ ಖಾದರಬಾಷಾ. ನನಗೆ ಒಮ್ಮೆ ಅದು ಸರಿ ಎನಿಸುತ್ತದೆ, ಒಮ್ಮೆ ಇದು. ಒಲೆಯ ಮುಂದೆ ಕೂತಾಗ, ನನ್ನ ಹೆಸರು ಹೇಳಲು ನಿಮ್ಮ ನಾಲಿಗೆ ಹೊರಳಲಿಲ್ಲವೇ ಎನಿಸುತ್ತದೆ. ಮಕ್ಕಳಿಗೆ ಅಕ್ಷರ ಹೇಳಿಕೊಡುವಾಗ ನಡುವೆ ಮರೆತು ನಿಲ್ಲುತ್ತೇನೆ. ಮೂವರೂ ಕೂಡಿ ಸೇದೋಣ ಎಂದ ಮೂವರಲ್ಲಿ ನಾನೂ ಒಬ್ಬಳಿದ್ದೆನಲ್ಲ, ಹಾಗಾದರೆ ಆ ಪ್ರಶ್ನೆಯ ಒಳಗೆ ನಾನೂ ಇದ್ದೆನೇ? ವೆಂಕೋಬನವರನ್ನು ನೆನೆದರೆ ಮನಸ್ಸಿಗೆ ಭಾರ ಇಲ್ಲ. ಬಸ್ಸಿನಲ್ಲಿ ಸಿಂಧನೂರಿನ ದಾರಿ ಹಿಡಿದು ಭತ್ತದ ಗದ್ದೆಗಳು ಶುರುವಾದರೆ ಕಣ್ಣಿಗೆ ಹೇಗೆ ತಂಪಾಗುತ್ತದೋ ಅಷ್ಟು ಅನಿಸುತ್ತದೆ. ಆದರೆ ಈ ಮನೆಯಲ್ಲಿ ಅತ್ತೆಯನ್ನು ಬಿಟ್ಟು ಏಳುವುದು ಹೇಗೆ? ಇದಕ್ಕೆ ನಿಮ್ಮಿಂದ ಉತ್ತರ ಬರುವಷ್ಟರಲ್ಲಿ ಎಷ್ಟು ಕಾಲವಾಗುತ್ತದೋ, ಬರುತ್ತದೋ ಇಲ್ಲವೋ. ಆದರೂ ಕೇಳುತ್ತಿದ್ದೇನೆ, ಕೇಳದೆ ಇರಲು ಆಗುತ್ತಿಲ್ಲ.

ಖಾದರಬಾಷಾ ನಾಡಿದ್ದು ಮುಂಬಯಿಗೆ ಹೊರಡುತ್ತಾರೆ, ಆ ಕಡೆ ಹಡಗು ಹೋದರೆ ಕೈಯಾರೆ ಮುಟ್ಟಿಸುತ್ತೇನೆ ಎಂದಿದ್ದಾರೆ. ಕಾಲಕಾಲಕ್ಕೆ ಉಣ್ಣಿ, ಸೊಂಟ ಹುಷಾರು. ಗಲ್ಲಾದ ಮೇಲೆ ಕೂತಿರುತ್ತಾರಲ್ಲ, ಅವರಿಗೂ ನನ್ನದೊಂದು ನಮಸ್ಕಾರ ಹೇಳಿ. ಬರೆಯಬಾರದಿತ್ತೇನೋ, ಬರೆದಾಗಿದೆ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ, ಬೈಗಳ ಜೊತೆಗೇ.

ಇಂತಿ,
ಪಕೀರಮ್ಮ

ತಾ.ಕ.: ಮಂಗಳವಾರ ಬೆಳಿಗ್ಗೆ. ಖಾದರಬಾಷಾ ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸಿನ ಹೊತ್ತಾಗಿದೆ. ಮೇಲಿನದನ್ನು ಹರಿದು ಹೊಸದಾಗಿ ಬರೆಯಲು ಸಮಯವಿಲ್ಲ. ನಾನು ಕರೆಯದಿದ್ದರೂ ನಿನ್ನೆ ಅತ್ತೆ ತಾವೇ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ವೆಂಕೋಬನವರನ್ನು ಕರೆದುಕೊಂಡು ಬಂದರು. ಸಂಜೆ ಹಿರಿಯರನ್ನು ಕೂಡಿಸಿದರು. ಗಂಡನ ಕಡೆಯಿಂದ ಯಾರು ಮಾತಾಡುತ್ತೀರಿ ಎಂದು ಹಿರಿಯರು ಕೇಳಿದರು. ಅತ್ತೆ ಎದ್ದು ನಿಂತು, “ನನ್ನ ಮಗ ಬಿಟ್ಟಾನ. ನಾನೂ ಸೊಸಿ ಅಂತ ಬಿಟ್ಟೀನಿ. ಮಗಳು ಅಂತ ಇಕಿ ಸಂಗಾಟ ಹೋಗಾಕತ್ತೀನಿ” ಎಂದರು. ವೆಂಕೋಬನವರಿಗೆ ಇದು ಮೊದಲೇ ಗೊತ್ತಿತ್ತು, ಅತ್ತೆ ಬಸ್ಸಿನಲ್ಲೇ ಒಪ್ಪಿಸಿಕೊಂಡು ಬಂದಿದ್ದರು. ಹಿರಿಯರು ನನ್ನನ್ನೂ ಕೇಳಿದರು. ಹೂಂ ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು, ಆದರೆ ಹೂಂ ಎಂದದ್ದು ನಾನೇ. ಬರುವ ಸೋಮವಾರ ಉಡಿಕೆ, ಆಮೇಲೆ ಅವರ ಮಗಳನ್ನೂ ಕರೆದುಕೊಂಡು ಮೂವರೂ ಕಾಲುವೆ ಕ್ವಾರ್ಟರ್ಸಿಗೆ. ಅಂಗನವಾಡಿ ಕೆಲಸಕ್ಕೂ ಅಲ್ಲಿಗೇ ಬದಲಿ ಕೇಳುತ್ತೇನೆ. ನಿಮ್ಮಿಂದ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿಮ್ಮ ಅವ್ವ ಈಗ ಖಾದರಬಾಷಾರ ತೋಳು ಹಿಡಿದುಕೊಂಡು ನಿಂತಿದ್ದಾರೆ, ಆ ಎರಡು ಮಕ್ಕಳ ಹೆಸರೇನು ಎಂದು ಕೇಳುತ್ತಿದ್ದಾರೆ. ಖಾದರಬಾಷಾರಿಗೆ ಗೊತ್ತಿಲ್ಲ. ಬೇರೇನೂ ಬರೆಯದಿದ್ದರೂ ಅಷ್ಟು ಬರೆದು ಕಳಿಸಿ.